ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಒಂದೇ ರಜೆಯಲ್ಲಿ ಆಗುತ್ತಾ? ವೀಸಾ ಯಾವ ದೇಶದ್ದು?

ಪ್ರಶ್ನೆ: ಏಪ್ರಿಲ್‌ನಲ್ಲಿ 12 ದಿನ ರಜೆ ಸಿಗುತ್ತದೆ. ನಾವಿಬ್ಬರು, ಜೊತೆಗೆ ಅರವತ್ತು ದಾಟಿದ ಅಪ್ಪ, ಅಮ್ಮ. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ನೋಡುವ ಆಸೆ. ಅಮ್ಮನಿಗೆ ಸ್ವಿಟ್ಜರ್ಲೆಂಡೂ ಬೇಕಂತೆ. ಎಲ್ಲಾ ಸೇರಿಸಬಹುದಾ? ವೀಸಾಗೆ ಯಾವ ದೇಶಕ್ಕೆ ಅರ್ಜಿ ಹಾಕಬೇಕು?

ಉತ್ತರ: ಮೊದಲ ಮೂರು ಆರಾಮಾಗಿ ಆಗುತ್ತವೆ. ಸ್ವಿಟ್ಜರ್ಲೆಂಡ್ ಈ ಸಲ ಬಿಟ್ಟುಬಿಡಿ. ಅಮ್ಮನಿಗೆ ಬೇಜಾರಾಗದ ಹಾಗೆ ಬೇರೆ ದಾರಿ ಇದೆ, ಆಮೇಲೆ ಹೇಳುತ್ತೇನೆ.

ಈ ಮೂರು ಊರುಗಳ ಅನುಕೂಲ ಏನೆಂದರೆ ಮೂರೂ ಒಂದೇ ರೈಲು ದಾರಿಯಲ್ಲಿವೆ. ಪ್ರಾಗ್‌ನಿಂದ ವಿಯೆನ್ನಾಗೆ ನೇರ ರೈಲಿನಲ್ಲಿ ಸುಮಾರು 4 ಗಂಟೆ. ವಿಯೆನ್ನಾದಿಂದ ಬುಡಾಪೆಸ್ಟ್‌ಗೆ 2 ಗಂಟೆ 40 ನಿಮಿಷ. ಎಲ್ಲೂ ರೈಲು ಬದಲಿಸಬೇಕಾಗಿಲ್ಲ. ಅದೇ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ವಿಯೆನ್ನಾಗೆ ಬರಬೇಕೆಂದರೆ ರೈಲಿನಲ್ಲೇ ಹತ್ತಿರಹತ್ತಿರ 8 ಗಂಟೆ. ವಿಮಾನ ಹತ್ತಿದರೂ ಹೋಟೆಲ್ ಖಾಲಿ ಮಾಡುವುದು, ಏರ್‌ಪೋರ್ಟ್ ಸೇರುವುದು, ಚೆಕ್‌ಇನ್, ಲಗೇಜ್‌ಗೆ ಕಾಯುವುದು ಅಂತ ಒಂದು ದಿನ ಮುಗಿದೇ ಹೋಗುತ್ತದೆ. ನಕ್ಷೆಯಲ್ಲಿ ಪಕ್ಕಪಕ್ಕ ಕಾಣುವ ದೇಶಗಳೆಲ್ಲ ಪಕ್ಕದಲ್ಲಿ ಇರುವುದಿಲ್ಲ, ಅಲ್ವಾ.

ಹಾಗಾಗಿ ದೇಶ ಎಣಿಸಬೇಡಿ, ರಾತ್ರಿ ಎಣಿಸಿ. ಒಂದು ಊರು ಬದಲಿಸಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಒಂದು ಊರಿಗೆ ಎರಡೇ ರಾತ್ರಿ ಕೊಟ್ಟರೆ ಪೂರ್ತಿಯಾಗಿ ಸಿಗುವುದು ಒಂದೇ ದಿನ. ಮೂರು ರಾತ್ರಿ ಕೊಟ್ಟರೆ ಎರಡು ದಿನ. ಹಿರಿಯರು ಜೊತೆಗಿರುವಾಗ ಮೂರಕ್ಕಿಂತ ಕಮ್ಮಿ ಬೇಡವೇ ಬೇಡ.

ನಿಮ್ಮ 12 ದಿನಕ್ಕೆ ನಾನು ಹೇಳುವ ಲೆಕ್ಕ ಇದು. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಶನಿವಾರ ಪ್ರಾಗ್. ಅಲ್ಲಿ ಮೂರು ರಾತ್ರಿ. ಮಂಗಳವಾರ ವಿಯೆನ್ನಾ, ನಾಲ್ಕು ರಾತ್ರಿ. ಮುಂದಿನ ಶನಿವಾರ ಬುಡಾಪೆಸ್ಟ್, ಮೂರು ರಾತ್ರಿ. ಮಂಗಳವಾರ ಅಲ್ಲಿಂದಲೇ ವಿಮಾನ ಹತ್ತಿದರೆ ಬುಧವಾರ ಮನೆ. ಈ ವಾರಗಳ ಲೆಕ್ಕ ಸುಮ್ನೆ ಹಾಕಿದ್ದಲ್ಲ. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿ, ಸೂಪರ್‌ಮಾರ್ಕೆಟ್ ಎಲ್ಲಾ ಬಾಗಿಲು ಹಾಕಿರುತ್ತವೆ. ದೊಡ್ಡ ರೈಲು ನಿಲ್ದಾಣಗಳ ಒಳಗಿನ ಕೆಲವು ಮಾತ್ರ ತೆರೆದಿರುತ್ತವೆ. ಮೇಲಿನ ಲೆಕ್ಕದಲ್ಲಿ ಎರಡೂ ಭಾನುವಾರ ವಿಯೆನ್ನಾದ ಹೊರಗೆ ಬೀಳುತ್ತವೆ.

ಹೋಗುವ ಟಿಕೆಟ್ ಪ್ರಾಗ್‌ಗೆ, ಬರುವ ಟಿಕೆಟ್ ಬುಡಾಪೆಸ್ಟ್‌ನಿಂದ. ವಿಮಾನದ ಸೈಟಿನಲ್ಲಿ ‘ಮಲ್ಟಿ ಸಿಟಿ’ ಆಯ್ಕೆಯಲ್ಲಿ ಹುಡುಕಿ. ಎರಡು ಒನ್‌ವೇ ಟಿಕೆಟ್ ತಗೊಂಡರೆ ಸಾಮಾನ್ಯವಾಗಿ ಜಾಸ್ತಿ ಬೀಳುತ್ತದೆ. ಪ್ರಾಗ್‌ಗೇ ವಾಪಸ್ ಬಂದು ವಿಮಾನ ಹತ್ತುವ ಯೋಚನೆ ಮಾತ್ರ ಬೇಡ, ಒಂದು ದಿನ ದಂಡ.

ಈಗ ವೀಸಾ. ಜೆಕ್ ಗಣರಾಜ್ಯ, ಆಸ್ಟ್ರಿಯಾ, ಹಂಗೇರಿ ಮೂರೂ ಷೆಂಗೆನ್‌ನಲ್ಲಿವೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿವೆ, ಹಾಗಾಗಿ ಒಂದೇ ವೀಸಾ ಸಾಕು. ಅರ್ಜಿ ಹಾಕಬೇಕಾದದ್ದು ನೀವು ಹೆಚ್ಚು ದಿನ ಇರುವ ದೇಶಕ್ಕೆ. ಎಲ್ಲಾ ಕಡೆ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ 3, 4, 3ರ ಲೆಕ್ಕದಲ್ಲಿ ವಿಯೆನ್ನಾಗೆ ಒಂದು ರಾತ್ರಿ ಜಾಸ್ತಿ, ಹಾಗಾಗಿ ಆಸ್ಟ್ರಿಯಾ. ಗೊಂದಲವೇ ಇಲ್ಲ. ವಿಯೆನ್ನಾಗೆ ನಾಲ್ಕನೇ ರಾತ್ರಿ ಕೊಟ್ಟಿದ್ದಕ್ಕೆ ಇದೂ ಒಂದು ಕಾರಣ.

‘ಆ ದೇಶದ ವೀಸಾ ಬೇಗ ಸಿಗುತ್ತೆ, ಅಲ್ಲಿಗೆ ಹಾಕಿ ಆಮೇಲೆ ಎಲ್ಲಿ ಬೇಕಾದರೂ ಹೋಗಿ’ ಅಂತ ಹೇಳುವವರು ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಇಮಿಗ್ರೇಷನ್‌ನಲ್ಲಿ ಹೋಟೆಲ್ ಬುಕಿಂಗ್ ತೋರಿಸಿ ಅಂತ ಕೇಳುವ ಹಕ್ಕು ಅಧಿಕಾರಿಗೆ ಇದೆ. ಕಾಗದ ಒಂದು ಹೇಳಿ, ವೀಸಾ ಇನ್ನೊಂದು ಹೇಳಿದರೆ ಅಪ್ಪ, ಅಮ್ಮನ ಮುಂದೆ ನಿಂತು ವಿವರಣೆ ಕೊಡುವ ಪಾಡು ನಿಮ್ಮದು.

ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ಇದು 2024ರ ಜೂನ್‌ನಿಂದ ಇರುವ ದರ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಹೊರಡುವುದಕ್ಕೆ 6 ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ 15 ದಿನ ಅಂತ ನಿಯಮ ಹೇಳಿದರೂ ಕೆಲವು ಅರ್ಜಿಗಳಿಗೆ 45 ದಿನ ತಗೊಳ್ಳಲು ಅವಕಾಶ ಇದೆ. ಏಪ್ರಿಲ್, ಮೇ ಅಂದರೆ ಇಡೀ ಊರಿಗೇ ರಜೆ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಜನವರಿಯಲ್ಲೇ ದಿನಾಂಕ ಹಿಡಿದುಕೊಳ್ಳಿ. ಪ್ರಯಾಣ ವಿಮೆ ಕಡ್ಡಾಯ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚಕ್ಕೆ ಆಗುವಂತಿರಬೇಕು, ಷೆಂಗೆನ್ ದೇಶಗಳಲ್ಲೆಲ್ಲ ನಡೆಯಬೇಕು. ಅಪ್ಪನಿಗೆ ಬಿಪಿ, ಶುಗರ್ ಇದ್ದರೆ ಅದನ್ನು ಮುಚ್ಚಿಡದೆ ಬರೆದು, ಮೊದಲೇ ಇರುವ ಕಾಯಿಲೆಗೂ ಅನ್ವಯಿಸುವ ಪಾಲಿಸಿ ತಗೊಳ್ಳಿ. ಇಲ್ಲಿ ನಾನೂರು ಐನೂರು ರೂಪಾಯಿ ಉಳಿಸುವುದು ಜಾಣತನ ಅಲ್ಲ.

ವಿಮಾನದ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ದುಬೈ, ದೋಹಾ ಮೂಲಕ ಹೋದರೆ ಇಮಿಗ್ರೇಷನ್ ಪ್ರಾಗ್‌ನಲ್ಲಿ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಹೋದರೆ ಅಲ್ಲೇ ಆಗಿಬಿಡುತ್ತದೆ. 2025ರ ಅಕ್ಟೋಬರ್ 12ರಿಂದ ಯುರೋಪಿನ ಹೊಸ ಗಡಿ ನೋಂದಣಿ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಪಾಸ್‌ಪೋರ್ಟ್ ಮೇಲೆ ಮುದ್ರೆ ಒತ್ತುವ ಬದಲು ಮುಖದ ಫೋಟೋ, ಬೆರಳಚ್ಚು. ಸಾಲು ಉದ್ದ ಇರಬಹುದು. ಒಂದೂಕಾಲು ಗಂಟೆಯ ಕನೆಕ್ಷನ್ ಅಗ್ಗವಾಗಿ ಸಿಕ್ಕಿತು ಅಂತ ಖುಷಿಪಡಬೇಡಿ.

ಷೆಂಗೆನ್ ಒಳಗೆ ಗಡಿ ತಪಾಸಣೆ ಇಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಈಚಿನ ವರ್ಷಗಳಲ್ಲಿ ಕೆಲವು ದೇಶಗಳು ತಾತ್ಕಾಲಿಕ ತಪಾಸಣೆ ಶುರು ಮಾಡಿವೆ. ಆಸ್ಟ್ರಿಯಾ ಹಂಗೇರಿ ಗಡಿಯಲ್ಲಿ 2015ರಿಂದಲೂ ನಡೆದುಕೊಂಡು ಬಂದಿದೆ. ಪೊಲೀಸರು ಬೋಗಿಯೊಳಗೆ ಬಂದು ಪಾಸ್‌ಪೋರ್ಟ್ ಕೇಳಬಹುದು. ಅದು ದೊಡ್ಡ ಸೂಟ್‌ಕೇಸಿನ ತಳದಲ್ಲಿ ಇರಬಾರದು, ಅಷ್ಟೇ.

ಪ್ರಾಗ್‌ನ ಮುಖ್ಯ ನಿಲ್ದಾಣದಲ್ಲಿ ಒಂದು ದೃಶ್ಯ ನೋಡುತ್ತೀರಿ. ಸೂಟ್‌ಕೇಸ್ ಹಿಡಿದ ಜನರೆಲ್ಲ ದೊಡ್ಡ ಬೋರ್ಡ್ ಕೆಳಗೆ ತಲೆ ಎತ್ತಿ ನಿಂತಿರುತ್ತಾರೆ. ಯಾವ ಪ್ಲಾಟ್‌ಫಾರ್ಮ್ ಅನ್ನುವುದು ರೈಲು ಹೊರಡುವ ಸ್ವಲ್ಪ ಮುಂಚೆ ಮಾತ್ರ ಬೀಳುತ್ತದೆ. ಬಿದ್ದ ತಕ್ಷಣ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಬೋರ್ಡ್ ಮೇಲೆ ಎರಡು ಸಂಖ್ಯೆ ಇರುತ್ತವೆ, ಒಂದು ಪ್ಲಾಟ್‌ಫಾರ್ಮ್, ಇನ್ನೊಂದು ಹಳಿ. ಎರಡನ್ನೂ ನೋಡಿಕೊಳ್ಳಿ. ಈ ದಾರಿಯಲ್ಲಿ ಓಡುವ ರೈಲ್‌ಜೆಟ್ ಎಂಬ ವೇಗದ ರೈಲುಗಳಲ್ಲಿ ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಸಿಗುತ್ತದೆ ಅಂತ ಇಲ್ಲ. ಸೀಟು ಕಾಯ್ದಿರಿಸಲು ಬೇರೆ ಹಣ, ಕೆಲವೇ ಯೂರೋ. ನಾಲ್ಕೂ ಜನಕ್ಕೆ ಮಾಡಿಸಿಬಿಡಿ. ಸೂಟ್‌ಕೇಸ್ ಕಡಿಮೆ ಇರಲಿ, ಚಕ್ರ ದೊಡ್ಡದಿರಲಿ. ಪ್ರಾಗ್‌ನ ಹಳೇ ಪೇಟೆಯ ಕಲ್ಲುಹಾಸಿನ ಮೇಲೆ ಸಣ್ಣ ಚಕ್ರ ಉರುಳುವುದೇ ಇಲ್ಲ. ಹಳೇ ಕಟ್ಟಡದ ಹೋಟೆಲ್ ಆದರೆ ಲಿಫ್ಟ್ ಇದೆಯಾ ಅಂತ ಮೊದಲೇ ಕೇಳಿ.

ಸ್ವಿಟ್ಜರ್ಲೆಂಡ್ ಬದಲು ಅಮ್ಮನ ಬೆಟ್ಟದ ಆಸೆಗೆ ಆಸ್ಟ್ರಿಯಾದ್ದೇ ಸೆಮ್ಮರಿಂಗ್. ವಿಯೆನ್ನಾದಿಂದ ರೈಲಿನಲ್ಲಿ ಒಂದೂಕಾಲು ಗಂಟೆ ಚಿಲ್ಲರೆ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಕಾರ್ಲ್ ಫಾನ್ ಗೇಗಾ ಎಂಬ ಎಂಜಿನಿಯರ್ 1848ರಿಂದ 1854ರವರೆಗೆ ಕಟ್ಟಿಸಿದ ಬೆಟ್ಟದ ರೈಲುದಾರಿ ಇದು. 41 ಕಿಲೋಮೀಟರ್, ಸುರಂಗಗಳು, 16 ಕಲ್ಲಿನ ಸೇತುವೆಗಳು. 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಗ್ಲಾಗ್ನಿಟ್ಸ್ ದಾಟಿದ ಮೇಲೆ ರೈಲು ನಿಧಾನವಾಗಿ ಬಳುಕುತ್ತಾ ಏರುತ್ತದೆ, ಕಿಟಕಿ ಪಕ್ಕ ಕೂರಿಸಿ. ಯೂರೋ ಬರುವ ಮೊದಲು ಆಸ್ಟ್ರಿಯಾದ 20 ಷಿಲಿಂಗ್ ನೋಟಿನ ಮೇಲೆ ಇಲ್ಲಿನ ಸೇತುವೆಯ ಚಿತ್ರ ಇತ್ತು. ಆ ಚಿತ್ರದಲ್ಲಿ ಕಂಡಂತೆಯೇ ಕಾಣುವ ಜಾಗಕ್ಕೆ ನಿಲ್ದಾಣದಿಂದ ಕಾಡಿನ ದಾರಿಯಲ್ಲಿ ನಡೆದು ಹೋಗಬಹುದು. ನಡೆಯಲು ಆಗದವರು ರೈಲಿನಲ್ಲಿ ಕೂತೇ ಮುಕ್ಕಾಲು ಪಾಲು ನೋಡಿರುತ್ತಾರೆ. ಒಂದು ಮಾತು ಮೊದಲೇ ಹೇಳಿಬಿಡಿ: ಇದು ಹಿಮದ ಶಿಖರದ ಮೇಲೆ ನಿಲ್ಲುವ ಅನುಭವ ಅಲ್ಲ. ನಿಲ್ದಾಣ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಅಂದರೆ ಹೆಚ್ಚುಕಮ್ಮಿ ನಮ್ಮ ಬೆಂಗಳೂರಿನಷ್ಟೇ! ಆದರೆ ಆ ಕಡೆಯ ದೊಡ್ಡ ಬೆಟ್ಟಗಳ ತಲೆಯ ಮೇಲೆ ಏಪ್ರಿಲ್‌ನಲ್ಲೂ ಸಾಮಾನ್ಯವಾಗಿ ಹಿಮ ಉಳಿದಿರುತ್ತದೆ.

ದೇಶದ ಸಂಖ್ಯೆ ಕೂಡ ಬೇಕೇ ಬೇಕು ಅನ್ನುವವರಿಗೆ ಸ್ಲೊವಾಕಿಯಾದ ಬ್ರಾಟಿಸ್ಲಾವಾ ಇದೆ. ವಿಯೆನ್ನಾದಿಂದ ಬರೀ 60 ಕಿಲೋಮೀಟರ್ ಆಸುಪಾಸು, ಚನ್ನಪಟ್ಟಣಕ್ಕೆ ಹೋಗಿ ಬಂದಷ್ಟು. ರೈಲಿನಲ್ಲಿ ಒಂದು ಗಂಟೆ. ಹಳೇ ಪೇಟೆ, ಕೋಟೆ ನೋಡಲು ಅರ್ಧ ದಿನ ಸಾಕು. ರಾತ್ರಿ ವಿಯೆನ್ನಾದಲ್ಲೇ ಮಲಗುವುದರಿಂದ ವೀಸಾದ ಲೆಕ್ಕವೂ ಕೆಡುವುದಿಲ್ಲ.

ಹಣ ಮೂರು ಥರ. ಪ್ರಾಗ್‌ನಲ್ಲಿ ಕೊರುನಾ, ವಿಯೆನ್ನಾದಲ್ಲಿ ಯೂರೋ, ಬುಡಾಪೆಸ್ಟ್‌ನಲ್ಲಿ ಫೋರಿಂಟ್. ಕಾರ್ಡ್ ಎಲ್ಲಾ ಕಡೆ ನಡೆಯುತ್ತದೆ. ಯಂತ್ರ ‘ನಿಮ್ಮ ಕರೆನ್ಸಿಯಲ್ಲೇ ಕೊಡುತ್ತೀರಾ’ ಅಂತ ಪ್ರೀತಿಯಿಂದ ಕೇಳಿದರೆ ಬೇಡ ಅನ್ನಿ, ಅಲ್ಲಿಯ ಕರೆನ್ಸಿಯನ್ನೇ ಒತ್ತಿ. ರೂಪಾಯಿ ಲೆಕ್ಕ ತೋರಿಸಿ ಮಾಡುವ ಆ ಪರಿವರ್ತನೆಯ ದರ ಸಾಮಾನ್ಯವಾಗಿ ಕೆಟ್ಟದ್ದು. ಪ್ರಾಗ್‌ನ ಬೀದಿ ವಿನಿಮಯ ಅಂಗಡಿಯಲ್ಲಿ ಮೋಸ ಹೋದೆವು ಅನಿಸಿದರೆ ದಾರಿ ಇದೆ. 2019ರಿಂದ ಇರುವ ಕಾನೂನಿನಂತೆ 1,000 ಯೂರೋವರೆಗಿನ ವಿನಿಮಯವನ್ನು 3 ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಎಸೆಯಬೇಡಿ.

ಊಟಕ್ಕೆ ತೀರಾ ತಲೆ ಕೆಡಿಸಿಕೊಳ್ಳಬೇಡಿ. ಚಟ್ನಿಪುಡಿ, ಉಪ್ಪಿನಕಾಯಿ ಹಾಕಿಕೊಳ್ಳಿ. ತುಪ್ಪದ ಡಬ್ಬಿ, ಹಾಲಿನ ಪುಡಿ ಬೇಡ, ಹಾಲಿನ ಉತ್ಪನ್ನಗಳನ್ನು ಹೊರಗಿನಿಂದ ಯುರೋಪಿಗೆ ತರುವಂತಿಲ್ಲ. ಸಪ್ಪೆ ಮೊಸರು ಅಲ್ಲಿನ ಸೂಪರ್‌ಮಾರ್ಕೆಟಿನಲ್ಲೇ ಸಿಗುತ್ತದೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ರಾತ್ರಿ ಅನ್ನ, ಮೊಸರು ಆಯಿತಲ್ಲ. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಬುಗ್ಗೆಯ ನೀರು, ಬಾಟಲಿ ಕೊಳ್ಳುವ ಖರ್ಚೂ ಇಲ್ಲ.

ಬುಡಾಪೆಸ್ಟನ್ನು ಕೊನೆಗೆ ಇಟ್ಟಿದ್ದು ಕಾಲುನೋವಿಗೋಸ್ಕರ. 1913ರಲ್ಲಿ ತೆರೆದ ಸೆಚೆನಿ ಸ್ನಾನಗೃಹದಲ್ಲಿ ಬಯಲಲ್ಲೇ ಬಿಸಿನೀರಿನ ಕೊಳ ಇದೆ, ಮೈಗೆ ಹಿತ. ಈಜುಡುಗೆ ಬೇಕೇ ಬೇಕು, ಅಮ್ಮ ಒಪ್ಪುತ್ತಾರಾ ಗೊತ್ತಿಲ್ಲ. ಒಪ್ಪದಿದ್ದರೆ 2ನೇ ನಂಬರ್ ಟ್ರಾಮ್ ಹತ್ತಿಸಿ. ಡ್ಯಾನ್ಯೂಬ್ ನದಿ ಪಕ್ಕದಲ್ಲೇ ಪಾರ್ಲಿಮೆಂಟ್ ಕಡೆಗೆ ಹೋಗುತ್ತದೆ. ಕಾಗದದ ಟಿಕೆಟ್ ಆದರೆ ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಹಾಕಿಸಿ. ಮರೆತರೆ ದಂಡ, ಪ್ರವಾಸಿಗರು ಅಂತ ಬಿಡುವುದಿಲ್ಲ.

ಇನ್ನು ಬುಕಿಂಗ್ ಕ್ರಮ. ಮೊದಲು ರದ್ದು ಮಾಡಬಹುದಾದ ಹೋಟೆಲ್ ಮತ್ತು ವಿಮಾನದ ರಿಸರ್ವೇಷನ್, ಆಮೇಲೆ ವೀಸಾ. ರೈಲು ಟಿಕೆಟ್ ಬೇಗ ತಗೊಂಡಷ್ಟೂ ಅಗ್ಗ ನಿಜ, ಆದರೆ ಅಗ್ಗದ ಟಿಕೆಟ್‌ಗೆ ಹಣ ವಾಪಸ್ ಇರುವುದಿಲ್ಲ. ವೀಸಾ ಸಮೇತ ನಾಲ್ಕೂ ಪಾಸ್‌ಪೋರ್ಟ್ ಕೈಗೆ ಬಂದ ದಿನ ರಾತ್ರಿಯೇ ಕೂತು ರೈಲು ಬುಕ್ ಮಾಡಿ.