ದೊಡ್ಡ ಪೈಕ್‌ಗೆ ಗಾಳ ಆರಿಸುವಾಗ ರಾಡ್ ಕೊನೆಗೆ

ನಮ್ಮ ಪುಣೆಯಲ್ಲಿ ಭಾನುವಾರ ಮೀನು ಹಿಡಿಯಲು ಹೋಗುವ ಗುಂಪಿನಲ್ಲಿ ಇಬ್ಬರು ಕೆಲಸದ ಮೇಲೆ ಸೆಪ್ಟೆಂಬರಿನಲ್ಲಿ ಸ್ವೀಡನ್ನಿಗೆ ಹೊರಟಿದ್ದಾರೆ. ಇಬ್ಬರೂ ಕೇಳಿದ್ದು ಒಂದೇ ಮಾತು: "ಮಹಶೀರ್‌ಗೆಂದು ಕೊಂಡ ರಾಡ್ ಇದೆಯಲ್ಲ, ಅದನ್ನೇ ಒಯ್ದರೆ ಸಾಲದಾ?" ಸಾಲಬಹುದು. ಆದರೆ ಅಲ್ಲಿಯ ಪೈಕ್ ಎಂಬ ಬೇಟೆಗಾರ ಮೀನನ್ನು ಹಿಡಿಯುವ ಸಾಮಾನನ್ನು ರಾಡಿನಿಂದ ಶುರು ಮಾಡಿ ಆರಿಸಬಾರದು. ಮೀನಿನ ಬಾಯಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ಮೊದಲು ಲೀಡರ್ (ದಾರಕ್ಕೂ ಲೂರಿಗೂ ನಡುವಿನ ಗಟ್ಟಿ ತುಂಡು), ಆಮೇಲೆ ಲೂರ್ (ಗಾಳವಿರುವ ನಕಲಿ ಬೇಟೆ), ಅದರ ತೂಕಕ್ಕೆ ತಕ್ಕ ರಾಡ್, ಉಳಿದದ್ದು ಅದರ ಹಿಂದೆ. ಎರಡು ವರ್ಷ ಅಲ್ಲಿದ್ದಾಗ ನಾನು ಉಲ್ಟಾ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಹೊಳೆಮೀನು ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ. ಅದರ ಹಲ್ಲುಗಳಿರುವುದು ಗಂಟಲಿನಲ್ಲಿ. ಗೋವಾದ ಚೋಣಕ್ ಮೀನಿಗೂ (ಬಾರಾಮುಂಡಿ) ಕಚ್ಚಿ ತುಂಡರಿಸುವ ಹಲ್ಲಿಲ್ಲ, ಕಿವಿರಿನ ಮುಚ್ಚಳದ ಅಂಚು ಮಾತ್ರ ಹರಿತ. ಹಾಗಾಗಿ ಆ ಎರಡಕ್ಕೂ ದಪ್ಪ ನೈಲಾನ್ ಲೀಡರ್ ಕಟ್ಟಿ ನಾವು ನಿಶ್ಚಿಂತರಾಗಿರುತ್ತೇವೆ. ಪೈಕ್ ಬಾಯಿ ಬೇರೆ ಜಾತಿಯದು. ಕೆಳದವಡೆಯಲ್ಲಿ ಚಾಕುವಿನಂಥ ಕೋರೆಗಳು, ಅಂಗುಳಿನ ತುಂಬ ಗಂಟಲ ಕಡೆಗೆ ಬಾಗಿದ ನೂರಾರು ಸಣ್ಣ ಹಲ್ಲುಗಳು. ಬೇಟೆಯನ್ನು ಅಡ್ಡಲಾಗಿ ಕಚ್ಚಿ, ತಿರುಗಿಸಿ, ತಲೆಯ ಕಡೆಯಿಂದ ನುಂಗುತ್ತದೆ. ಆ ತಿರುಗಿಸುವ ಹೊತ್ತಿನಲ್ಲೇ ದಾರ ಹಲ್ಲಿಗೆ ತಾಗುವುದು.

ನನ್ನ ಮೊದಲ ದೊಡ್ಡ ಪೈಕ್ ಹೋದದ್ದು ಹಾಗೆಯೇ. 40 ಪೌಂಡಿನ, ಅಂದರೆ ಸುಮಾರು 18 ಕಿಲೊ ತಡೆಯುವ ಬ್ರೇಡ್ (ಹೆಣೆದ ದಾರ) ಇದೆಯಲ್ಲ ಎಂಬ ಧೈರ್ಯದಲ್ಲಿ ಲೂರನ್ನು ನೇರ ಅದಕ್ಕೇ ಕಟ್ಟಿದ್ದೆ. ಒಂದು ಎಳೆತ, ಆಮೇಲೆ ಏನೂ ಇಲ್ಲ. ಬ್ಲೇಡಿನಲ್ಲಿ ಕೊಯ್ದಂತೆ ತುದಿ. ದಾರದ ಮೇಲೆ ಬರೆದಿರುವ ಪೌಂಡ್ ಎಳೆತದ ಲೆಕ್ಕ, ಹಲ್ಲಿನ ಲೆಕ್ಕವಲ್ಲ. ದಾರ ಹೋದದ್ದಕ್ಕಿಂತ ನನ್ನನ್ನು ಕಾಡಿದ್ದು, ಆ ಮೀನು ಬಾಯಲ್ಲಿ ಎರಡು ಮುಮ್ಮೊನೆ ಗಾಳ ಸಿಕ್ಕಿಸಿಕೊಂಡು ಹೋಯಿತಲ್ಲ ಎಂಬುದು.

ಲೀಡರ್‌ಗೆ ಇರುವ ದಾರಿ ಎರಡು. ಒಂದು ಉಕ್ಕಿನ ಅಥವಾ ಟೈಟೇನಿಯಂ ತಂತಿ. ಇನ್ನೊಂದು ದಪ್ಪ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರ. ಎರಡನೆಯದು ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆದರೆ 80-100 ಪೌಂಡಿಗಿಂತ ತೆಳುವಾದದ್ದು ಬೇಡ. ಅದೂ ಪ್ರತಿ ಮೀನಿನ ನಂತರ ಉಗುರು ಸವರಿ ನೋಡಬೇಕು, ಗೀರು ಸಿಕ್ಕರೆ ಕತ್ತರಿಸಿ ಹೊಸದು. ಹೊಸಬರಿಗೆ ನನ್ನ ಸಲಹೆ ತಂತಿಯೇ. 40 ಸೆಂ.ಮೀ. ಉದ್ದ ಇರಲಿ. ಉಕ್ಕಿನ ತಂತಿ ಒಮ್ಮೆ ಮುರುಟಿದರೆ ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ಲೂರ್ ಸಿಕ್ಕಿಸುವ ಕೊಂಡಿಯಲ್ಲಿ ಜಿಪುಣತನ ಮಾಡಿದವರು ತಂತಿಗೆ ಸುರಿದ ದುಡ್ಡನ್ನೂ ಕಳೆದುಕೊಳ್ಳುತ್ತಾರೆ.

ಇನ್ನು ಲೂರ್. ಪೈಕ್ ತನ್ನ ಉದ್ದದ ಮೂರನೇ ಒಂದು ಭಾಗದಷ್ಟು ದೊಡ್ಡ ಮೀನನ್ನೂ ಸುಲಭವಾಗಿ ನುಂಗುತ್ತದೆ. ಹಾಗಾಗಿ ದೊಡ್ಡದು ಬೇಕೆಂದರೆ 15ರಿಂದ 25 ಸೆಂ.ಮೀ. ಲೂರ್ ಅತಿಯಲ್ಲ. ಸಣ್ಣದಕ್ಕೂ ದೊಡ್ಡ ಪೈಕ್ ಬೀಳುತ್ತದೆ, ನಿಜ. ಆದರೆ ಅದಕ್ಕೆ ಮೊದಲು ಹತ್ತು ಮರಿಗಳು ಬಂದು ಕಚ್ಚುತ್ತವೆ. ಕೆಂಪು-ಬಿಳಿ ಪಟ್ಟೆಯ ಸ್ಪೂನ್ (ಚಮಚದಂತೆ ಬಾಗಿದ ಲೋಹದ ಲೂರ್) ಹಳೆಯ ಕಾಲದ್ದು, ಇವತ್ತಿಗೂ ಕೆಲಸ ಮಾಡುತ್ತದೆ, ದೂರವೂ ಹೋಗುತ್ತದೆ. ಬಾಲ ಅಲ್ಲಾಡಿಸುವ ರಬ್ಬರ್ ಮೀನು ನನ್ನ ಮೆಚ್ಚಿನದು. 20 ಸೆಂ.ಮೀ. ಮೀರಿದರೆ ಅದು 80-100 ಗ್ರಾಂ ತೂಗಬಹುದು. ಹೆಚ್ಚುಕಡಿಮೆ ಒಂದು ಬಟಾಟೆವಡೆ ಅನ್ನಿ. ಬಟಾಟೆವಡೆಯನ್ನು ದಿನಕ್ಕೆ ಮುನ್ನೂರು ಸಲ ಎಸೆಯುವ ಕೋಲು ಯಾವುದು ಎಂದು ಕೇಳಿಕೊಂಡರೆ ರಾಡ್ ತಾನಾಗಿ ಆರಿಸಿಕೊಳ್ಳುತ್ತದೆ.

ರಾಡಿನ ಹಿಡಿಯ ಮೇಲೆ ಎಸೆಯುವ ತೂಕ ಗ್ರಾಂನಲ್ಲಿ ಬರೆದಿರುತ್ತದೆ. 40-100 ಎಂದಿದ್ದರೆ ಸರಿ. ನಮ್ಮ ಮಹಶೀರ್ ರಾಡಿನ ಮೇಲೆ 15-40 ಎಂದಿದ್ದರೆ, ಮೀನನ್ನು ತಡೆದೀತು, ಲೂರನ್ನು ಎಸೆಯಲು ಹೋಗಿ ಮುರಿದೀತು. ಉದ್ದ ಏಳೂವರೆಯಿಂದ ಎಂಟು ಅಡಿ. ವಿಮಾನಕ್ಕಾದ್ದರಿಂದ ಮೂರ್ನಾಲ್ಕು ತುಂಡಿನದು ಕೊಳ್ಳಿ.

ದಾರ 40-50 ಪೌಂಡಿನ ಬ್ರೇಡ್. ರೀಲ್ ಬಗ್ಗೆ ಜಗಳ ಬೇಡ: ರಾಡಿನ ಕೆಳಗೆ ತೂಗುವ ಸ್ಪಿನ್ನಿಂಗ್ ಆದರೆ 4000-5000 ಗಾತ್ರ, ಕೈ ಪಳಗಿದ್ದರೆ ರಾಡಿನ ಮೇಲೆ ಕೂರುವ ಬೇಟ್‌ಕಾಸ್ಟರ್. 1952ರಲ್ಲಿ ಬಂದ ಆಂಬಾಸಡರ್ ರೀಲ್ ಸ್ವೀಡನ್ನಿನದೇ, ಹಾಗಾಗಿ ಅಲ್ಲಿ ಹಳೆಯ ರೀಲಿನ ಮೋಹಕ್ಕೆ ಬಿದ್ದರೆ ನನ್ನನ್ನು ಬೈಯಬೇಡಿ.

ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲ್ ದಾರ ಬಿಡುವ ಬಿಗಿತ, ಮಾತ್ರ ಇಲ್ಲೇ ಹೊಂದಿಸಿಕೊಳ್ಳಿ. ಸೂಟ್‌ಕೇಸ್ ತೂಗುವ ಕೈತಕ್ಕಡಿ ಹೇಗೂ ಮನೆಯಲ್ಲಿರುತ್ತದೆ. ದಾರದ ತುದಿಯನ್ನು ಅದಕ್ಕೆ ಕಟ್ಟಿ, ರಾಡನ್ನು ದಾರದ ನೇರಕ್ಕೆ ಹಿಡಿದು, ಇನ್ನೊಬ್ಬರಿಗೆ ಎಳೆಯಲು ಹೇಳಿ. 18 ಕಿಲೊ ದಾರಕ್ಕೆ ಸುಮಾರು 4 ಕಿಲೊ ತೋರಿದಾಗ ರೀಲ್ ದಾರ ಬಿಡಬೇಕು. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಇದನ್ನು ಮಾಡುವಾಗ ವಾಚ್‌ಮನ್ ಕಾಕಾ ಬಂದು "ಕಾಯ್ ಚಾಲ್ಲಂಯ್?" (ಏನು ನಡೀತಿದೆ?) ಎಂದು ಕೇಳಿಯೇ ಕೇಳುತ್ತಾರೆ.

1 ಮೀಟರ್ ಪೈಕ್ ಅಂದರೆ ಸುಮಾರು 7-8 ಕಿಲೊ. 1986ರಲ್ಲಿ ಜರ್ಮನಿಯಲ್ಲಿ ಸಿಕ್ಕ ವಿಶ್ವದಾಖಲೆಯ ಮೀನು 25 ಕಿಲೊ. ಇಂಥ ದೊಡ್ಡವೆಲ್ಲ ಹೆಣ್ಣುಗಳೇ, ಮೊಟ್ಟೆ ಇಡುವ ತಾಯಂದಿರು. ಸ್ವೀಡನ್ನಿನ ಬಾಲ್ಟಿಕ್ ಕರಾವಳಿಯಲ್ಲಿ 40 ಸೆಂ.ಮೀ.ಗಿಂತ ಚಿಕ್ಕ, 75 ಸೆಂ.ಮೀ.ಗಿಂತ ದೊಡ್ಡ ಪೈಕ್ ಇಟ್ಟುಕೊಳ್ಳುವಂತಿಲ್ಲ. ಅಂದರೆ ನೀವು ಬಯಸುವ ಮೀನನ್ನು ಬಿಡಲೇಬೇಕು. ಬಿಡಿಸುವ ಸಾಮಾನೂ ಗಾಳದ ಭಾಗವೇ: ರಬ್ಬರ್ ಲೇಪದ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಸಿಕ್ಕಿಕೊಂಡ ಗಾಳವನ್ನೇ ತುಂಡರಿಸುವ ಗಟ್ಟಿ ಕಟರ್. ಕಟರ್ ಇಲ್ಲಿಯ ರವಿವಾರ ಪೇಠೆಯಲ್ಲೇ ನೋಡಿ. ಇಕ್ಕಳ, ಕಟರ್ ಎರಡನ್ನೂ ಚೆಕ್-ಇನ್ ಬ್ಯಾಗಿಗೇ ಹಾಕಿ.