ಡ್ರೈವ್‌ನಲ್ಲಿ ಎಲ್ಲವೂ ಇದೆ, ಬ್ಯಾಕಪ್ ಬೇರೆ ಬೇಕೆ?

ಪ್ರಶ್ನೆ: ಸಕಲೇಶಪುರದ ನಮ್ಮ ಸಹಕಾರ ಸಂಘದಲ್ಲಿ ಹನ್ನೊಂದು ಕಂಪ್ಯೂಟರ್‌ಗಳಿವೆ. ಕಡತಗಳೆಲ್ಲ ಗೂಗಲ್ ಡ್ರೈವ್‌ಗೆ ತಾವಾಗಿಯೇ ಸೇರುತ್ತವೆ. ಪ್ರತ್ಯೇಕ ಬ್ಯಾಕಪ್ ಬೇಕೆ?

ಉತ್ತರ: ಬೇಕು. ನಿಮ್ಮಲ್ಲಿ ನಡೆಯುತ್ತಿರುವುದು ಸಿಂಕ್, ಅಂದರೆ ಕನ್ನಡಿ ಹಿಡಿಯುವ ಕೆಲಸ. ಮುಖಕ್ಕೆ ಮಸಿ ಹತ್ತಿದರೆ ಕನ್ನಡಿಯಲ್ಲಿಯೂ ಮಸಿಯೇ. ಗುಮಾಸ್ತರು ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಡ್ರೈವ್‌ನಲ್ಲಿಯೂ ಅದು ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ, ನಿಜ. ಆದರೆ ಮಾರ್ಚ್‌ನಲ್ಲಿ ಅಳಿಸಿದ್ದು ನೆನಪಾಗುವುದು ಜುಲೈನಲ್ಲಿ, ಲೆಕ್ಕಪರಿಶೋಧಕರು ಎದುರು ಕುಳಿತಾಗ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕರೂ ಅಷ್ಟೇ: ಬೀಗ ಬಿದ್ದ ಕಡತವೇ ಶ್ರದ್ಧೆಯಿಂದ ಮೇಲೇರುತ್ತದೆ.

ಹಳೆಯ ಸೂತ್ರವೊಂದಿದೆ, 3-2-1: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಕನಿಷ್ಠ ಬೇರೆ ಕಟ್ಟಡದಲ್ಲಿ. ಮಲೆನಾಡಿನವರು ಆ ಕೊನೆಯ ಒಂದನ್ನು ಮರೆಯಬಾರದು. ಕಾಫಿಗೆ ಹೂಮಳೆ ಬೇಕು. ಜೊತೆಗೆ ಬರುವ ಸಿಡಿಲು ಕಂಪ್ಯೂಟರ್‌ಗೆ ಬೇಡ. ಹಾಸನದ ಒಂದು ಕಚೇರಿಯಲ್ಲಿ ಬ್ಯಾಕಪ್ ಡಿಸ್ಕನ್ನು ವರ್ಷವಿಡೀ ಕಂಪ್ಯೂಟರ್‌ಗೇ ಚುಚ್ಚಿಟ್ಟಿದ್ದರು. ಯುಪಿಎಸ್ ಇತ್ತು, ಆದರೆ ಸಿಡಿಲು ಬಂದದ್ದು ನೆಟ್‌ವರ್ಕ್ ತಂತಿಯಲ್ಲಿ. ಯಂತ್ರ, ಡಿಸ್ಕ್ ಎರಡೂ ಒಂದೇ ಸಂಜೆ ಹೋದವು. ಅದನ್ನು ಬಿಚ್ಚಿ ನೋಡಿದವನು ನಾನೇ.

ಹಾಗಾಗಿ ಎರಡು ಡಿಸ್ಕ್ ಕೊಳ್ಳಿ. ವಾರಕ್ಕೊಮ್ಮೆ ಅದಲುಬದಲು ಮಾಡಿ, ಒಂದು ಬ್ಯಾಂಕ್ ಲಾಕರ್‌ನಲ್ಲಿರಲಿ. ಹೊರಗೆ ಹೋಗುವ ಡಿಸ್ಕಿಗೆ ವಿಂಡೋಸ್ ಪ್ರೊದಲ್ಲಿರುವ ಬಿಟ್‌ಲಾಕರ್ ಹಾಕಿ, ಅಂದರೆ ಪರರು ಓದಲಾಗದಂತೆ ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ. ಅದು ಕೊಡುವ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಮುದ್ರಿಸಿ ತಿಜೋರಿಯಲ್ಲಿಡಿ. ಆ ಕೀಲಿಯನ್ನು ಅದೇ ಕಂಪ್ಯೂಟರಿನಲ್ಲಿ ಉಳಿಸುವವರು ಮನೆಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟವರು.

ಎಲ್ಲವನ್ನೂ ಕ್ಲೌಡ್‌ಗೇ ಕಳುಹಿಸಿದರೆ ಆಗದೇ ಎಂದು ನೀವು ಕೇಳಬಹುದು. 200 ಜಿಬಿ ದತ್ತಾಂಶ, ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ಎಂದಿಟ್ಟುಕೊಳ್ಳಿ: ಎಡೆಬಿಡದೆ ಸುಮಾರು 44 ಗಂಟೆ ಬೇಕು. ಮಳೆಗಾಲದ ಕರೆಂಟನ್ನು ನಂಬಿ ಆ ಲೆಕ್ಕ ಹಾಕಬೇಡಿ. ಮೊದಲ ಪೂರ್ಣ ಪ್ರತಿ ಡಿಸ್ಕಿಗೆ ಹೋಗಲಿ.

ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬಳಸುತ್ತಿದ್ದರೆ, ಅದರ ಫೋಲ್ಡರನ್ನು ಕೆಲಸ ನಡೆಯುತ್ತಿರುವಾಗಲೇ ನಕಲು ಮಾಡಬೇಡಿ, ಅರ್ಧಂಬರ್ಧ ಪ್ರತಿ ಸಿಗಬಹುದು. ಟ್ಯಾಲಿಯಲ್ಲಿಯೇ ಇರುವ ಬ್ಯಾಕಪ್ ಆಯ್ಕೆಯನ್ನು ಬಳಸಿ.

ಇನ್ನು ಯಂತ್ರ ಸಜ್ಜುಗೊಳಿಸುವ ವಿಷಯ. ಒಂದು ಕಂಪ್ಯೂಟರನ್ನು ಸರಿಯಾಗಿ ಸಿದ್ಧಪಡಿಸಿ, ಏನೇನು ಹಾಕಿದಿರಿ ಎಂಬುದನ್ನು ಕ್ರಮವಾಗಿ ಬರೆದಿಡಿ. ಉಳಿದ ಹತ್ತಕ್ಕೂ ಅದೇ ಪಟ್ಟಿ. ಅದರಲ್ಲಿ ನುಡಿ ಫಾಂಟ್‌ಗಳಿರಲಿ. ಎಲ್ಲ ಯಂತ್ರಗಳಲ್ಲೂ ಕನ್ನಡ ಒಂದೇ ರೀತಿ ಕಾಣಿಸುವ ಯೂನಿಕೋಡ್ ಪದ್ಧತಿಗೆ ಮುಂಚೆ ನುಡಿಯಲ್ಲಿ ಬರೆದ ನಡಾವಳಿಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಬ್ಯಾಕಪ್ ಕೆಟ್ಟಿತೆಂದು ಗಾಬರಿಯಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೊಸದಾಗಿ ಅದನ್ನು ಹಾಕಿಸಬೇಡಿ.

ಮೂರು ತಿಂಗಳಿಗೊಮ್ಮೆ ಡಿಸ್ಕಿನಿಂದ ಒಂದು ಹಳೆಯ ಕಡತವನ್ನು ತೆಗೆದು ತೆರೆದು ನೋಡಿ. ಅದಕ್ಕೆ ಬೇರೆ ಕಂಪ್ಯೂಟರನ್ನೇ ಬಳಸಿ; ಇಲ್ಲವಾದರೆ ಇಂದಿನ ಲೆಕ್ಕದ ಮೇಲೆ ಮೂರು ತಿಂಗಳ ಹಿಂದಿನದನ್ನು ನೀವೇ ಬರೆದುಬಿಟ್ಟೀರಿ.