ಸನ್ನಿಯೋ, ಮರೆಗುಳಿತನವೋ: ಗಮನ ಪರೀಕ್ಷೆಯ ಸುತ್ತ ಒಂದು ಅಧ್ಯಯನ ಟಿಪ್ಪಣಿ

ಆತಂಕ, ಅರಿವಿನ ಅಸ್ವಸ್ಥತೆ ಮತ್ತು ನಿದ್ರೆಯ ತೊಂದರೆ ನರ್ಸಿಂಗ್ ಪಠ್ಯದಲ್ಲಿ ಮೂರು ಪ್ರತ್ಯೇಕ ಅಧ್ಯಾಯಗಳಾಗಿರುವುದರಿಂದ ನಾನೂ ಅವನ್ನು ಹಾಗೆಯೇ ಓದಿಕೊಂಡಿದ್ದೆ. ಅಭ್ಯಾಸ ಪರೀಕ್ಷೆಯ ಒಂದೇ ಪ್ರಶ್ನೆಯಲ್ಲಿ ಮೂರೂ ಒಟ್ಟಿಗೆ ಬಂದಾಗ ಉತ್ತರ ತಪ್ಪಿತು. ಎಡವಿದ ಜಾಗ ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಪ್ರಶ್ನೆ ಹೀಗಿತ್ತು. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದ ಎರಡನೆಯ ದಿನ 78 ವರ್ಷದ ಮಹಿಳೆ ಹಗಲಿಡೀ ತೂಕಡಿಸುತ್ತಾರೆ, ಊಟ ಬೇಡವೆನ್ನುತ್ತಾರೆ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುತ್ತಾರೆ. ರಾತ್ರಿಯಾದರೆ ಯಾರೋ ಕೋಣೆಯೊಳಗೆ ಬಂದಿದ್ದಾರೆಂದು ಹೆದರಿ ಡ್ರಿಪ್ ನಳಿಕೆಯನ್ನು ಎಳೆಯುತ್ತಾರೆ. ಶುಶ್ರೂಷಕಿ ಮೊದಲು ಏನು ಮಾಡಬೇಕು? ದಿನ ಮತ್ತು ಸ್ಥಳವನ್ನು ನೆನಪಿಸಿ ಧೈರ್ಯ ಹೇಳಬೇಕೆಂಬ ಉತ್ತರವನ್ನು ನಾನು ಆರಿಸಿದೆ. ವಯಸ್ಸು ಮತ್ತು ಗೊಂದಲ ಜೊತೆಯಾಗಿ ಕಂಡೊಡನೆ ಡಿಮೆನ್ಶಿಯಾ, ಅಂದರೆ ಮರೆಗುಳಿತನ, ಎಂದು ತೀರ್ಮಾನಿಸಿಬಿಟ್ಟಿದ್ದೆ. ಆದರೆ ಅದು ಡೆಲಿರಿಯಮ್, ಅಂದರೆ ಸನ್ನಿ: ದೇಹದ ಯಾವುದೋ ತೊಂದರೆಯಿಂದ ಹಠಾತ್ತಾಗಿ ಬರುವ ಗೊಂದಲ. ತಾಪ, ನಾಡಿ, ಉಸಿರಾಟ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣ ಮತ್ತು ರಕ್ತದ ಸಕ್ಕರೆಯನ್ನು ನೋಡಿ ವೈದ್ಯರಿಗೆ ತಿಳಿಸುವುದೇ ಸರಿಯಾದ ಮೊದಲ ಹೆಜ್ಜೆ.

ಇವೆರಡನ್ನು ಬೇರ್ಪಡಿಸಲು ನಾನು ನೆನಪಿನ ಪರೀಕ್ಷೆಯನ್ನೇ ನಂಬಿದ್ದೆ. ಅಲ್ಲಿಯೇ ದಾರಿ ತಪ್ಪಿದ್ದು. ಮನಸ್ಸಿನಲ್ಲಿ ದಾಖಲಾಗದ ಮಾತನ್ನು ಯಾರೂ ನೆನಪಿಸಿಕೊಳ್ಳಲಾರರು, ಆದ್ದರಿಂದ ಗಮನ ನಿಲ್ಲದ ಸನ್ನಿಯ ರೋಗಿಯೂ ನೆನಪಿನ ಪರೀಕ್ಷೆಯಲ್ಲಿ ಸೋಲುತ್ತಾರೆ, ಡಿಮೆನ್ಶಿಯಾದ ರೋಗಿಯೂ ಸೋಲುತ್ತಾರೆ. ವ್ಯತ್ಯಾಸ ತಿಳಿಯಬೇಕಾದರೆ ಮೊದಲು ಗಮನವನ್ನೇ ಪರೀಕ್ಷಿಸಬೇಕು. ವಾರದ ದಿನಗಳನ್ನು ಹಿಮ್ಮುಖವಾಗಿ ಹೇಳಲು ಕೇಳಿದರೆ, ಆರಂಭದ ಹಂತದ ಆಲ್ಝೈಮರ್ (ಡಿಮೆನ್ಶಿಯಾದ ಸಾಮಾನ್ಯ ಬಗೆ) ಕಾಯಿಲೆಯವರು ಸಾಮಾನ್ಯವಾಗಿ ನಿಧಾನವಾಗಿಯಾದರೂ ಹೇಳಿ ಮುಗಿಸುತ್ತಾರೆ, ಆದರೆ ಕೆಲವೇ ನಿಮಿಷಗಳ ಹಿಂದೆ ಕೊಟ್ಟ ಮೂರು ಪದಗಳು ಅವರಿಗೆ ನೆನಪಿರುವುದಿಲ್ಲ. ಸನ್ನಿಯ ರೋಗಿ "ಭಾನುವಾರ, ಶನಿವಾರ" ಎಂದು ಶುರುಮಾಡಿ, ಕಿಟಕಿಯ ಕಡೆ ನೋಡಿ, ಮತ್ತೆ "ಭಾನುವಾರ" ಎನ್ನುತ್ತಾರೆ, ಅಥವಾ ಏನು ಕೇಳಿದಿರೆಂಬುದನ್ನೇ ಬಿಟ್ಟುಬಿಡುತ್ತಾರೆ. ಇದರ ಜೊತೆಗೆ ಮನೆಯವರನ್ನು "ಇವರು ಹೋದ ವಾರವೂ ಹೀಗೇ ಇದ್ದರೇ?" ಎಂದು ಕೇಳಬೇಕು, ಏಕೆಂದರೆ ಸನ್ನಿ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬರುತ್ತದೆ, ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು ವರ್ಷಗಳಲ್ಲಿ ಬೆಳೆಯುತ್ತದೆ. ಡಿಮೆನ್ಶಿಯಾ ಇರುವವರಿಗೂ ಅದರ ಮೇಲೆ ಸನ್ನಿ ಬರಬಹುದಾದ್ದರಿಂದ, ಹಳೆಯ ಕಡತದಲ್ಲಿ ಡಿಮೆನ್ಶಿಯಾ ಎಂದು ಬರೆದಿದ್ದರೂ ಈ ಪ್ರಶ್ನೆಯನ್ನು ಬಿಡುವಂತಿಲ್ಲ.

ಸನ್ನಿಯನ್ನು ಗುರುತಿಸಲು ಬಳಸುವ, 1990ರಲ್ಲಿ ಪ್ರಕಟವಾದ ಕನ್‌ಫ್ಯೂಷನ್ ಅಸೆಸ್‌ಮೆಂಟ್ ಮೆಥಡ್‌ನ ಸೂತ್ರದಲ್ಲಿಯೂ ನಾನು ಎರಡು ಬಾರಿ ತಪ್ಪಿದ್ದೇನೆ. ಹಠಾತ್ ಆರಂಭ ಮತ್ತು ಏರಿಳಿತ ಒಂದನೆಯ ಲಕ್ಷಣ, ಗಮನದ ಕೊರತೆ ಎರಡನೆಯದು, ಅಸ್ತವ್ಯಸ್ತ ಯೋಚನೆ ಮೂರನೆಯದು, ಬದಲಾದ ಪ್ರಜ್ಞಾಸ್ಥಿತಿ ನಾಲ್ಕನೆಯದು. ನಾಲ್ಕರಲ್ಲಿ ಯಾವುದಾದರೂ ಮೂರು ಇದ್ದರೆ ಸಾಕೆಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ ಮೊದಲಿನ ಎರಡೂ ಇರಲೇಬೇಕು, ಉಳಿದ ಎರಡರಲ್ಲಿ ಒಂದಾದರೂ ಇರಬೇಕು. ಒಂದು, ಮೂರು, ನಾಲ್ಕು ಇದ್ದು ಎರಡನೆಯದು ಇಲ್ಲದಿದ್ದರೆ ಫಲಿತಾಂಶ ಸಕಾರಾತ್ಮಕವಲ್ಲ, ಅಂದರೆ ಈ ಸೂತ್ರದಂತೆ ಅದು ಸನ್ನಿಯಲ್ಲ. "ಒಂದೂ ಎರಡೂ ಕಡ್ಡಾಯ, ಮೂರೋ ನಾಲ್ಕೋ ಒಂದಾದರೂ ಬೇಕು" ಎಂದು ಪುಸ್ತಕದ ಅಂಚಿನಲ್ಲಿ ಬರೆದುಕೊಂಡ ಮೇಲೆ ಮತ್ತೆ ತಪ್ಪಿಲ್ಲ.

ಆರೈಕೆಯಲ್ಲಿ ಕಾರಣ ಹುಡುಕುವುದೇ ಮುಖ್ಯ: ಸೋಂಕು, ನೋವು, ನಿರ್ಜಲೀಕರಣ, ಮೂತ್ರ ಕಟ್ಟಿಕೊಳ್ಳುವುದು, ಮಲಬದ್ಧತೆ, ಹೊಸ ಔಷಧಿ. ಕನ್ನಡಕ ಮತ್ತು ಶ್ರವಣ ಸಾಧನವನ್ನು ಹಾಕಿಸುವುದು, ಕಣ್ಣಿಗೆ ಬೀಳುವಂತೆ ಗಡಿಯಾರ ಇಡುವುದು, ಬೇಗ ಎಬ್ಬಿಸಿ ನಡೆಸುವುದು, ಬೇಡವಾದ ಕ್ಯಾತಿಟರ್ (ಮೂತ್ರದ ನಳಿಕೆ) ತೆಗೆಸುವುದು ಚಿಕ್ಕ ಕೆಲಸಗಳಂತೆ ಕಂಡರೂ ಬಹಳ ನೆರವಾಗುತ್ತವೆ. ಕೈಕಟ್ಟಿ ಹಾಕಿದರೆ ಕಳವಳ ಹೆಚ್ಚುತ್ತದೆ.

ಆತಂಕದ ವಿಷಯದಲ್ಲಿ ನರ್ಸಿಂಗ್ ಸಿದ್ಧಾಂತಿ ಪೆಪ್ಲಾವ್ ಅವರ ನಾಲ್ಕು ಹಂತಗಳನ್ನು ನಮ್ಮ ತರಗತಿಯಲ್ಲಿ ಎಲ್ಲರೂ ಬಲ್ಲರು: ಸೌಮ್ಯ, ಮಧ್ಯಮ, ತೀವ್ರ, ಪ್ಯಾನಿಕ್. ಹಂತ ಏರಿದಂತೆ ಗ್ರಹಿಕೆ ಕುಗ್ಗುವುದರಿಂದ, ನಿಭಾಯಿಸುವ ವಿಧಾನಗಳನ್ನು ಕಲಿಸುವ ಕೆಲಸ ಮೊದಲಿನ ಎರಡು ಹಂತಗಳಿಗೆ ಮಾತ್ರ ಹೊಂದುತ್ತದೆ. ತೀವ್ರ ಹಂತದಲ್ಲಿಯೂ ಪ್ಯಾನಿಕ್‌ನಲ್ಲಿಯೂ ರೋಗಿಯ ಬಳಿಯೇ ಇದ್ದು, ಸದ್ದು ಮತ್ತು ಜನರನ್ನು ಕಡಿಮೆ ಮಾಡಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡಬೇಕು. ಆಮ್ಲಜನಕ ಅಥವಾ ಸಕ್ಕರೆ ಇಳಿದಾಗಲೂ ಬೆವರು, ನಡುಕ, ಭಯ ಕಾಣುವುದರಿಂದ ಇಲ್ಲಿಯೂ ಮೊದಲು ದೇಹವನ್ನೇ ನೋಡಬೇಕು.

ನಿದ್ರೆಯ ಬಗ್ಗೆ ಒಂದು ಎಚ್ಚರಿಕೆ: ರಾತ್ರಿ ಎದ್ದು ಕೂರುತ್ತಾರೆಂದು ಬೆಂಜೊಡಯಾಜೆಪೀನ್ (ನಿದ್ರೆ ಬರಿಸುವ, ಆತಂಕ ತಗ್ಗಿಸುವ ಔಷಧಿಗಳ ಗುಂಪು) ಕೊಟ್ಟರೆ ಸನ್ನಿ ಉಲ್ಬಣಿಸಬಹುದು, ಮದ್ಯ ಅಥವಾ ಅದೇ ಗುಂಪಿನ ಔಷಧಿಯನ್ನು ಹಠಾತ್ತಾಗಿ ಬಿಟ್ಟದ್ದರಿಂದ ಬಂದ ಸನ್ನಿ ಇದಕ್ಕೆ ಅಪವಾದ, ಅಲ್ಲಿ ಬೆಂಜೊಡಯಾಜೆಪೀನೇ ಚಿಕಿತ್ಸೆ. ಉಳಿದವರಿಗೆ ಹಗಲು ಬೆಳಕು ಬರುವಂತೆ ಪರದೆ ಸರಿಸಿ, ರಾತ್ರಿಯ ಔಷಧಿ, ತಪಾಸಣೆಗಳನ್ನು ಒಂದೇ ಹೊತ್ತಿಗೆ ಹೊಂದಿಸಿ, ನಡುವೆ ಎಬ್ಬಿಸದೆ ಬಿಡಬೇಕು. ದಾಖಲೆಯಲ್ಲಿ "ಚೆನ್ನಾಗಿ ನಿದ್ರಿಸಿದರು" ಎಂದಷ್ಟೇ ಬರೆಯದೆ, ಯಾವ ಗಂಟೆಗೆ ನೋಡಿದಾಗ ಕಣ್ಣು ಮುಚ್ಚಿತ್ತು, ಕರೆದಾಗ ಹೇಗೆ ಉತ್ತರಿಸಿದರು ಎಂದು ಬರೆಯಬೇಕು. ಗಲಾಟೆಯಿಲ್ಲದ, ಮಂಕು ಕವಿದ ಸನ್ನಿ ತಪ್ಪಿಹೋಗುವುದು ಹೆಚ್ಚಾಗಿ ಆ ಒಂದು ಸಾಲಿನಲ್ಲಿ.